ಮುಟ್ಟು ನಿಲ್ಲುವ ಮುನ್ನವೇ ಗರ್ಭಕೋಶದ ಒಳಪದರ ದಪ್ಪವಾದರೆ: ವಯಸ್ಸು ನೋಡಬೇಕೋ, ತೂಕ ನೋಡಬೇಕೋ?

ಪ್ರಶ್ನೆ: ನನಗೆ 41 ವರ್ಷ. ಹಾಸನ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ಎತ್ತರ 158 ಸೆಂ.ಮೀ., ತೂಕ 84 ಕೆ.ಜಿ. ಮದುವೆಯಾಗಿ ಆರು ವರ್ಷದ ಮೇಲೆ, ಚಿಕಿತ್ಸೆ ಪಡೆದು ಹುಟ್ಟಿದ ಒಬ್ಬಳೇ ಮಗಳಿದ್ದಾಳೆ, ಅವಳಿಗೀಗ 13. ಮೊದಲಿನಿಂದಲೂ ನನ್ನ ಮುಟ್ಟು ಹಿಂದೆ ಮುಂದೆ ಆಗುತ್ತಿತ್ತು. ಎರಡು ವರ್ಷದಿಂದ ಎರಡು ಮೂರು ತಿಂಗಳು ಬರುವುದೇ ಇಲ್ಲ. ಬಂದರೆ ಹದಿನೈದು ಇಪ್ಪತ್ತು ದಿನ ನಿಲ್ಲುವುದಿಲ್ಲ, ಹೆಪ್ಪುಹೆಪ್ಪಾಗಿ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ 17 ಮಿ.ಮೀ. ದಪ್ಪವಿದೆ, ಅಂಡಾಶಯದಲ್ಲಿ ನೀರುಗುಳ್ಳೆಗಳಿವೆ ಎಂದು ಬಂದಿದೆ. ಹಿಮೋಗ್ಲೋಬಿನ್ 8.2. ಒಬ್ಬ ಡಾಕ್ಟರು ಮೂರು ಸಲ 21 ದಿನದ ಮಾತ್ರೆ ಕೊಟ್ಟರು. ತಿನ್ನುವಷ್ಟು ದಿನ ನಿಂತು, ಬಿಟ್ಟ ಮೇಲೆ ಮತ್ತೆ ಅದೇ. ಇನ್ನೊಬ್ಬರು ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆದೀತು ಎಂದರು. ‘ಮುಟ್ಟು ನಿಲ್ಲೋ ಕಾಲ, ಕೆಟ್ಟ ರಕ್ತ ಹೋಗಲಿ ಬಿಡು’ ಎನ್ನುತ್ತಾರೆ ಅತ್ತೆ. ಬಯಾಪ್ಸಿ ಮಾಡಿಸಿದರೆ ಕಾಯಿಲೆ ಹರಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ಇದು ಐವತ್ತು ದಾಟಿದವರ ಕಾಯಿಲೆ ಅಲ್ಲವೇ? ದಪ್ಪಗಿರುವುದಕ್ಕೂ ಗರ್ಭಕೋಶಕ್ಕೂ ಏನು ಸಂಬಂಧ? ನಾನೀಗ ಏನು ಮಾಡಬೇಕು? ಮಗಳೂ ದಪ್ಪಗಿದ್ದಾಳೆ, ಅವಳಿಗೂ ಹೀಗೇ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಇರಲೇಬೇಕಿದ್ದ ಒಂದು ವಿಷಯ ಎಲ್ಲಿಯೂ ಇಲ್ಲ. ಎರಡು ವರ್ಷ ಕಳೆದರೂ ನಿಮ್ಮ ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಿಲ್ಲ. ಒಬ್ಬ ವೈದ್ಯರು ಮಾತ್ರೆ ಕೊಟ್ಟರು, ಇನ್ನೊಬ್ಬರು ಶಸ್ತ್ರಚಿಕಿತ್ಸೆ ಹೇಳಿದರು. ಇಬ್ಬರ ಸಲಹೆಗೂ ಮೊದಲು ನಡೆಯಬೇಕಿದ್ದ ಪರೀಕ್ಷೆ ಮಾತ್ರ ನಡೆದಿಲ್ಲ. ನಾನು ಮುಂದೆ ಹೇಳುವುದೆಲ್ಲ ಬಯಾಪ್ಸಿ ಎಂಬ ಆ ಪರೀಕ್ಷೆಯ ಸುತ್ತಲೇ ಇದೆ.

ನಿಮ್ಮ ಮನಸ್ಸಿನಲ್ಲಿರುವ ಭಯ ಕ್ಯಾನ್ಸರಿನದು. ಅದಕ್ಕೆ ಮೊದಲೇ ನೇರವಾಗಿ ಉತ್ತರಿಸುತ್ತೇನೆ. ನೀವು ಹೇಳಿದ ಲಕ್ಷಣಗಳಿರುವ, ಮುಟ್ಟು ಇನ್ನೂ ನಿಲ್ಲದ ಮಹಿಳೆಯರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ನಿಮ್ಮ ವಯಸ್ಸಿನ, ತೂಕ ಕಡಿಮೆಯಿರುವ, ತಿಂಗಳು ತಿಂಗಳು ಮುಟ್ಟಾಗುವ ಹೆಂಗಸಿಗೆ ಇರುವುದಕ್ಕಿಂತ ನಿಮಗೆ ಅಪಾಯ ಹೆಚ್ಚು. ಹೆದರಿ ನಿದ್ದೆಗೆಡುವಷ್ಟು ಹೆಚ್ಚಲ್ಲ. ಆದರೆ ಇನ್ನೊಂದು ಆರು ತಿಂಗಳು ನೋಡೋಣ ಎಂದು ಸುಮ್ಮನಿರುವಷ್ಟು ಕಡಿಮೆಯೂ ಅಲ್ಲ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಟ್ಟು ನಿಲ್ಲುವ ಮುಂಚಿನ ನಾಲ್ಕಾರು ವರ್ಷ ಚಕ್ರ ಏರುಪೇರಾಗುವುದು ಸಹಜ, ಮತ್ತು ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಸುಮಾರಿಗೇ ಮುಟ್ಟು ನಿಲ್ಲುತ್ತದೆ. ಆದರೆ ‘ಕೆಟ್ಟ ರಕ್ತ’ ಎಂಬುದೊಂದು ಇಲ್ಲ. ಮುಟ್ಟಿನಲ್ಲಿ ಹೋಗುವುದು ಕೈ ಕುಯ್ದರೆ ಬರುವಂಥದ್ದೇ ರಕ್ತ, ಜೊತೆಗೆ ಕಳಚಿದ ಒಳಪದರ. ನಿಮ್ಮ ಹಿಮೋಗ್ಲೋಬಿನ್ 8.2ಕ್ಕೆ ಇಳಿದಿರುವುದೇ ಹೋಗುತ್ತಿರುವುದು ಒಳ್ಳೆಯ ರಕ್ತ ಎಂಬುದಕ್ಕೆ ಸಾಕ್ಷಿ. ಅಂತರ ಹೆಚ್ಚುತ್ತ, ಸ್ರಾವ ಕಡಿಮೆಯಾಗುತ್ತ ನಿಂತುಹೋಗುವುದು ಮುಟ್ಟು ನಿಲ್ಲುವ ಸಾಮಾನ್ಯ ಬಗೆ. ಇಪ್ಪತ್ತು ದಿನ ಹೆಪ್ಪು ಹೋಗುವುದನ್ನು ಯಾವ ವಯಸ್ಸಿನಲ್ಲೂ ‘ಕಾಲಧರ್ಮ’ ಎಂದು ಬಿಡುವಂತಿಲ್ಲ.

ತೂಕಕ್ಕೂ ಗರ್ಭಕೋಶಕ್ಕೂ ಏನು ಸಂಬಂಧ ಎಂದು ಕೇಳಿದ್ದೀರಿ. ನನ್ನ ಹೊರರೋಗಿ ವಿಭಾಗಕ್ಕೆ ಬರುವ ನೂರರಲ್ಲಿ ತೊಂಬತ್ತು ಮಂದಿಗೆ ಈ ಸಂಬಂಧವನ್ನು ಯಾರೂ ಹೇಳಿರುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇವೆಲ್ಲ ತೂಕದಿಂದ ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಗರ್ಭಕೋಶದ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿಯೇ ವಿವರಿಸುತ್ತೇನೆ.

ಗರ್ಭಕೋಶದ ಒಳಪದರ ಪ್ರತಿ ತಿಂಗಳು ಹೊಸದಾಗಿ ಬೆಳೆದು ಕಳಚಿ ಹೋಗುವ ಪದರ. ಅದನ್ನು ಬೆಳೆಸುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಅಂಡಾಶಯದಿಂದ ಮೊಟ್ಟೆ ಬಿಡುಗಡೆಯಾದ ಮೇಲೆ, ಆ ಜಾಗದಿಂದಲೇ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ಅದು ಬೆಳವಣಿಗೆಯನ್ನು ತಡೆದು ಪದರವನ್ನು ಪಕ್ವಗೊಳಿಸುತ್ತದೆ. ಹದಿನಾಲ್ಕು ದಿನದ ಸುಮಾರಿಗೆ ಪ್ರೊಜೆಸ್ಟರಾನ್ ಇಳಿದಾಗ ಇಡೀ ಪದರ ಒಟ್ಟಿಗೆ ಕಳಚಿಕೊಳ್ಳುತ್ತದೆ. ಅದೇ ಸರಿಯಾದ ಮುಟ್ಟು. ನಿಮ್ಮ ಕಡೆ ರಾಗಿ ಪೈರು ದಟ್ಟವಾಗಿ ಎದ್ದಾಗ ಕುಂಟೆ ಹೊಡೆದು ತೆಳುಮಾಡುತ್ತಾರಲ್ಲ, ಪ್ರೊಜೆಸ್ಟರಾನ್ ಮಾಡುವುದು ಹೆಚ್ಚುಕಡಿಮೆ ಆ ಕೆಲಸ. ಮೊಟ್ಟೆ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಹುಟ್ಟುವುದಿಲ್ಲ. ಒಳಪದರ ತಡೆಯಿಲ್ಲದೆ ಬೆಳೆಯುತ್ತದೆ. ಎರಡು ಮೂರು ತಿಂಗಳು ಮುಟ್ಟೇ ಇರುವುದಿಲ್ಲ; ಕೊನೆಗೆ ತನ್ನ ಭಾರ ತಾನೇ ತಾಳಲಾರದೆ ಒಂದು ಕಡೆ ಇಂದು, ಇನ್ನೊಂದು ಕಡೆ ನಾಳೆ ಎಂಬಂತೆ ತುಣುಕು ತುಣುಕಾಗಿ ಉದುರುತ್ತದೆ. ನಿಮ್ಮ ಇಪ್ಪತ್ತು ದಿನದ ಸ್ರಾವ ಬಹುಮಟ್ಟಿಗೆ ಹೀಗೆ ಬಂದದ್ದು.

ಇಲ್ಲಿ ಕೊಬ್ಬಿನ ಪಾತ್ರ ಬರುತ್ತದೆ. ಕೊಬ್ಬು ದೇಹದಲ್ಲಿ ಸುಮ್ಮನೆ ಕೂಡಿಟ್ಟ ಸರಕಲ್ಲ, ಅದೂ ಕೆಲಸ ಮಾಡುವ ಅಂಗಾಂಶ. ಅದರಲ್ಲಿರುವ ಆರೊಮಟೇಸ್ ಎಂಬ ಕಿಣ್ವ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಿಂದಲೂ ಅಂಡಾಶಯದಿಂದಲೂ ಬರುವ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ತಯಾರಿ ಹೆಚ್ಚು, ಮತ್ತು ಅದಕ್ಕೆ ತಿಂಗಳ ಏರಿಳಿತವಿಲ್ಲ. ತೂಕ ಹೆಚ್ಚಿರುವವರ ರಕ್ತದಲ್ಲಿ ಇನ್ಸುಲಿನ್ ಕೂಡ ಹೆಚ್ಚಿರುತ್ತದೆ. ಆ ಇನ್ಸುಲಿನ್, ಹಾರ್ಮೋನುಗಳನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆ ಮಾಡುತ್ತದೆ, ಅದರಿಂದ ಬಿಡಿಯಾಗಿ ಓಡಾಡುವ ಈಸ್ಟ್ರೋಜನ್ ಏರುತ್ತದೆ. ಅದೇ ಇನ್ಸುಲಿನ್ ಮೊಟ್ಟೆ ಬಿಡುಗಡೆಯಾಗುವುದನ್ನೂ ತಡೆಯುತ್ತದೆ, ಒಳಪದರದ ಜೀವಕೋಶಗಳನ್ನೂ ನೇರವಾಗಿ ಬೆಳೆಸುತ್ತದೆ. ಹೀಗೆ ಬೆಳೆಸುವ ಹಾರ್ಮೋನು ಹೆಚ್ಚಿ, ತಡೆಯುವ ಹಾರ್ಮೋನು ಇಲ್ಲವಾಗುವುದು ಒಂದೇ ದೇಹದಲ್ಲಿ ಒಟ್ಟಿಗೆ ನಡೆಯುತ್ತದೆ.

ಈಗ ನಿಮ್ಮ ಜೀವನವನ್ನೇ ಈ ಬೆಳಕಿನಲ್ಲಿ ನೋಡಿ. ಮೊದಲಿನಿಂದಲೂ ಮುಟ್ಟು ಹಿಂದೆ ಮುಂದೆ, ಮಗುವಾಗಲು ಆರು ವರ್ಷ, ಅಂಡಾಶಯದಲ್ಲಿ ನೀರುಗುಳ್ಳೆ. ಇದೆಲ್ಲ ಪಿಸಿಓಎಸ್, ಅಂದರೆ ಹಾರ್ಮೋನಿನ ಏರುಪೇರಿನಿಂದ ಮೊಟ್ಟೆ ಸರಿಯಾಗಿ ಬಿಡುಗಡೆಯಾಗದ ತೊಂದರೆ ಇರುವವರ ಕಥೆ. ತೊಂದರೆ ಎರಡು ವರ್ಷದ ಹಿಂದೆ ಶುರುವಾಯಿತು ಎಂದು ನೀವು ಬರೆದಿದ್ದೀರಿ. ನಾನಾದರೆ ಲೆಕ್ಕವನ್ನು ನಿಮ್ಮ ಇಪ್ಪತ್ತನೆಯ ವರ್ಷದಿಂದ ಹಿಡಿಯುತ್ತೇನೆ. ಮೊಟ್ಟೆ ಬಿಡುಗಡೆಯಾಗದ ತಿಂಗಳುಗಳನ್ನು ಕೂಡಿಸುತ್ತ ಹೋದರೆ ಒಳಪದರ ತಡೆಯಿಲ್ಲದೆ ಬೆಳೆದ ಅವಧಿ ಒಟ್ಟು ಹತ್ತಾರು ವರ್ಷವಾದರೂ ಆಶ್ಚರ್ಯವಿಲ್ಲ. ಈ ಕಾಯಿಲೆಯಲ್ಲಿ ವಯಸ್ಸು ಅಪಾಯವನ್ನು ಹೆಚ್ಚಿಸುವುದು ಮುಖ್ಯವಾಗಿ ಈ ಕೂಡಿಕೆಯಿಂದ. ವರ್ಷ ಉರುಳಿದಷ್ಟೂ ಈಸ್ಟ್ರೋಜನ್ ಬಿದ್ದ ದಿನಗಳು ಜಮೆಯಾಗುತ್ತವೆ, ನಲವತ್ತರ ನಂತರ ಮೊಟ್ಟೆ ಬಿಡುಗಡೆಯಾಗದ ತಿಂಗಳುಗಳೂ ಹೆಚ್ಚುತ್ತವೆ, ಜೀವಕೋಶಗಳು ವಿಭಜನೆಯಾಗುವಾಗ ತಪ್ಪುಗಳೂ ಕೂಡುತ್ತವೆ. ತೂಕ ಹೆಚ್ಚಿದ್ದವರಲ್ಲಿ ಆ ಜಮೆ ಬೇಗ ಆಗುತ್ತದೆ. ಅದೇ ವಯಸ್ಸಿನ ತೆಳ್ಳನೆಯ ಹೆಂಗಸಿಗಿಂತ ಮೂವತ್ತೈದರ ಸ್ಥೂಲಕಾಯದ ಹೆಂಗಸಿನ ಗರ್ಭಕೋಶ ಹೆಚ್ಚು ಅಪಾಯ ಕಾಣುವುದು ಇದರಿಂದಲೇ.

ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗಿ ಮುಟ್ಟು ನಿಂತವರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನಿಜ; ನಲವತ್ತರೊಳಗಿನವರ ಪಾಲು ನೂರಕ್ಕೆ ಐದರ ಆಸುಪಾಸು. ಆದರೆ ಆ ಐದು ಮಂದಿ ಯಾರು ಎಂದು ನೋಡಿದರೆ ಬಹುತೇಕರು ತೂಕ ಹೆಚ್ಚಿದ್ದವರು, ಪಿಸಿಓಎಸ್ ಇದ್ದವರು, ಮಕ್ಕಳಾಗದವರು, ಇಲ್ಲವೇ ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆಯವರು. ನಿಮ್ಮ ತವರಿನಲ್ಲಿ ಐವತ್ತರೊಳಗೆ ಅಂಥ ಕ್ಯಾನ್ಸರ್ ಬಂದವರಿದ್ದರೆ ಅದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ನಾವು ವೈದ್ಯರು ಓದುವಾಗ ವಯಸ್ಸನ್ನೇ ಗೆರೆಯಾಗಿ ಕಲಿತೆವು. ಅಸಹಜ ರಕ್ತಸ್ರಾವವಿದ್ದು 45 ದಾಟಿದ್ದರೆ ಬಯಾಪ್ಸಿ ಎಂಬುದು ಅಮೆರಿಕದ ಸೂತ್ರ. ನಮ್ಮ ದೇಶದ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಾಗ್ಸಿ ಆ ಗೆರೆಯನ್ನು 40ಕ್ಕೆ ಇಳಿಸಿದೆ. ಅದಕ್ಕಿಂತ ಕಿರಿಯರಲ್ಲೂ ಸ್ಥೂಲಕಾಯ ಅಥವಾ ಪಿಸಿಓಎಸ್ ಇದ್ದರೆ, ಮಾತ್ರೆಗೆ ಸ್ರಾವ ಬಗ್ಗದಿದ್ದರೆ ಬಯಾಪ್ಸಿ ಮಾಡಬೇಕೆಂದು ಎರಡೂ ಕಡೆ ಬರೆದಿದೆ. ಆದರೆ ವಯಸ್ಸಿನ ಅಂಕಿ ನೆನಪಿನಲ್ಲಿ ಉಳಿದಷ್ಟು ಈ ಎರಡನೆಯ ವಾಕ್ಯ ಉಳಿಯಲಿಲ್ಲ. 2016ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನ ವೈದ್ಯರು, ಅಸಹಜ ರಕ್ತಸ್ರಾವಕ್ಕಾಗಿ ಬಯಾಪ್ಸಿ ಮಾಡಿಸಿಕೊಂಡ, ಮುಟ್ಟು ನಿಲ್ಲದ 916 ಮಹಿಳೆಯರ ದಾಖಲೆ ಪರಿಶೀಲಿಸಿ ಪ್ರಕಟಿಸಿದರು. ನೂರಕ್ಕೆ ಸುಮಾರು ಐದು ಮಂದಿಯಲ್ಲಿ ಒಳಪದರ ತೊಡಕಿನ ರೀತಿಯಲ್ಲಿ ಬೆಳೆದಿತ್ತು ಅಥವಾ ಕ್ಯಾನ್ಸರ್ ಇತ್ತು. ಎತ್ತರಕ್ಕೆ ತಕ್ಕಂತೆ ತೂಕ ಎಷ್ಟಿದೆ ಎಂದು ಹೇಳುವ ಬಿಎಂಐ ಎಂಬ ಅಳತೆ 30 ಅಥವಾ ಹೆಚ್ಚಿದ್ದವರಲ್ಲಿ ಆ ಸಾಧ್ಯತೆ ನಾಲ್ಕು ಪಟ್ಟು. ಮಕ್ಕಳಾಗದಿರುವುದು, ರಕ್ತಹೀನತೆ, ಸ್ಕ್ಯಾನಿಂಗ್‌ನಲ್ಲಿ ಒಳಪದರ 12 ಮಿ.ಮೀ. ಮೀರಿರುವುದು ಇವೂ ಅಪಾಯದ ಸೂಚನೆಗಳಾಗಿ ಕಂಡವು. ಬಯಾಪ್ಸಿ ಯಾರಿಗೆ ಬೇಕು ಎಂದು ಆರಿಸುವಾಗ ಮೊದಲು ನೋಡಬೇಕಾದದ್ದು ಬಿಎಂಐ ಎಂದೇ ಅವರು ತೀರ್ಮಾನಿಸಿದರು. ನಿಮ್ಮ ಬಿಎಂಐ 33.6, ರಕ್ತಹೀನತೆಯೂ ಇದೆ, ಒಳಪದರ 17 ಮಿ.ಮೀ. ಇದೆ.

ಇನ್ನೊಂದು ಮಾತನ್ನು ನಮ್ಮವರಿಗಾಗಿಯೇ ಸೇರಿಸಬೇಕು. ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗುವ ಗುಣ ಭಾರತೀಯರಲ್ಲಿ ಹೆಚ್ಚು. ಹಾಗಾಗಿ ನಮ್ಮಲ್ಲಿ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ ಎಂದು ಎಣಿಸುತ್ತಾರೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 24ರಷ್ಟು, ಕರ್ನಾಟಕದಲ್ಲಿ ಸುಮಾರು ಶೇ 30ರಷ್ಟು ಮಂದಿಯ ಬಿಎಂಐ 25ಕ್ಕೆ ಮುಟ್ಟಿತ್ತು ಅಥವಾ ಮೀರಿತ್ತು. ಈ ಅಂಕಿ ಓದಿದಾಗೆಲ್ಲ ನನಗೆ ನನ್ನದೇ ಒಬ್ಬ ರೋಗಿಯ ನೆನಪಾಗುತ್ತದೆ.

ಅವರಿಗೆ ಆಗ 36. ನಾನು ವೃತ್ತಿಗೆ ಬಂದು ನಾಲ್ಕೈದು ವರ್ಷವಾಗಿತ್ತಷ್ಟೇ. ನಿಮ್ಮಂತೆಯೇ ತೂಕ, ನಿಮ್ಮಂತೆಯೇ ಸ್ರಾವ. ವಯಸ್ಸು ಚಿಕ್ಕದು, ಹಾರ್ಮೋನಿನ ಏರುಪೇರು ಎಂದುಕೊಂಡು ಎಂಟು ತಿಂಗಳು ಮಾತ್ರೆ ಬದಲಿಸುತ್ತ ಹೋದೆ. ಪ್ರತಿ ಸಲವೂ ಅವರು ಕರ್ಚೀಫಿನಲ್ಲಿ ಸುತ್ತಿಟ್ಟ ಹಳೆಯ ಚೀಟಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿಡುತ್ತಿದ್ದರು. ಒಂದು ದಿನ ಆ ಚೀಟಿಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ, ಎಲ್ಲದರಲ್ಲೂ ನನ್ನದೇ ಅಕ್ಷರ, ಒಂದರಲ್ಲೂ ಬಯಾಪ್ಸಿ ಎಂಬ ಪದವಿರಲಿಲ್ಲ. ಮಾಡಿಸಿದಾಗ ಕ್ಯಾನ್ಸರ್ ಬಂದಿತು. ಮೊದಲ ಹಂತದಲ್ಲೇ ಇದ್ದುದರಿಂದ ಶಸ್ತ್ರಚಿಕಿತ್ಸೆಯ ನಂತರ ಅವರು ಚೆನ್ನಾಗಿದ್ದಾರೆ. ಆದರೆ ಆ ಎಂಟು ತಿಂಗಳು ನಾನು ಕಳೆದದ್ದು, ಅವರಲ್ಲ. ಅಂದಿನಿಂದ ನನ್ನ ಕೋಣೆಯಲ್ಲಿ ವಯಸ್ಸು ಕೇಳುವ ಮೊದಲು ತೂಕ ನೋಡುವ ರೂಢಿಯಿದೆ.

ನಿಮ್ಮ 17 ಮಿ.ಮೀ. ಬಗ್ಗೆ ಹೇಳುವುದಾದರೆ, ಆ ಸಂಖ್ಯೆಯೊಂದೇ ರೋಗವೂ ಅಲ್ಲ, ಅಭಯವೂ ಅಲ್ಲ. ಮುಟ್ಟು ನಿಂತ ಮೇಲೆ ಸ್ರಾವ ಕಂಡವರಲ್ಲಿ 4 ಮಿ.ಮೀ. ಎಂಬ ಗೆರೆ ಇದೆ. ಮುಟ್ಟು ಇನ್ನೂ ಇರುವವರಿಗೆ ಅಂಥ ಖಚಿತ ಗೆರೆಯಿಲ್ಲ. ಮುಟ್ಟಾದ ಹೊಸದರಲ್ಲಿ ನಾಲ್ಕೈದು ಮಿ.ಮೀ. ಇರುವ ಪದರ, ಮುಂದಿನ ಮುಟ್ಟಿನ ಹೊತ್ತಿಗೆ ಆರೋಗ್ಯವಂತರಲ್ಲೂ 14–16 ಮಿ.ಮೀ. ಆಗಬಹುದು. 17 ನೋಡಿ ಗರ್ಭಕೋಶ ತೆಗೆಯುವುದೂ ತಪ್ಪು, ತೂಕ ಹೆಚ್ಚಿದ್ದು ನಿಲ್ಲದ ಸ್ರಾವವಿರುವವರಿಗೆ 9 ಇದೆ ಎಂದು ಬಯಾಪ್ಸಿ ಬಿಡುವುದೂ ತಪ್ಪು. ಹಾಗೆಯೇ ಪ್ಯಾಪ್ ಸ್ಮಿಯರ್ ಮಾಡಿಸಿದ್ದೇನೆ, ನಾರ್ಮಲ್ ಬಂದಿದೆ ಎಂದು ಸಮಾಧಾನಪಡುವವರಿದ್ದಾರೆ. ಅದು ಗರ್ಭಕೋಶದ ಬಾಯಿಯ ಪರೀಕ್ಷೆ. ಒಳಪದರದ ಬಗ್ಗೆ ಭರವಸೆ ಕೊಡಲಾರದು.

ಬಯಾಪ್ಸಿಯಿಂದ ಕಾಯಿಲೆ ಹರಡುತ್ತದೆ ಎಂಬ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ನೀವು ಮುಟ್ಟಾದಾಗಲೆಲ್ಲ ಈ ಪದರ ತಾನಾಗಿಯೇ ಕಳಚಿ ಹೊರಬರುತ್ತದೆ. ವೈದ್ಯರು ಅದರದೇ ಒಂದಿಷ್ಟನ್ನು ಎತ್ತಿಕೊಳ್ಳುತ್ತಾರೆ. ಈಗ ಇದಕ್ಕೆ ಪೈಪೆಲ್ ಎಂಬ ತೆಳು ಪ್ಲಾಸ್ಟಿಕ್ ಕೊಳವೆ ಬಳಸುತ್ತೇವೆ. ದಪ್ಪ ಮೂರು ಮಿ.ಮೀ., ಎಳನೀರಿಗೆ ಹಾಕುವ ಕೊಳವೆಗಿಂತಲೂ ಸಣ್ಣದು. ಗರ್ಭಕೋಶದ ಬಾಯಿಯ ಮೂಲಕ ಒಳಸೇರಿಸಿ, ನಡುವಿನ ಕಡ್ಡಿಯನ್ನು ಹಿಂದಕ್ಕೆಳೆದಾಗ ಉಂಟಾಗುವ ಹೀರುವಿಕೆಗೆ ಒಳಪದರದ ಎಳೆಗಳು ಕೊಳವೆಯೊಳಗೆ ಬರುತ್ತವೆ. ಒಂದು ನಿಮಿಷದ ಕೆಲಸ. ಮುಟ್ಟಿನ ಮೊದಲ ದಿನದಂಥ ಹಿಡಿದುಕೊಳ್ಳುವ ನೋವು ಆಗುತ್ತದೆ, ಕೆಲವರಿಗೆ ಜೋರಾಗಿಯೇ ಆಗುತ್ತದೆ. ಒಂದು ಗಂಟೆ ಮುಂಚೆ ನೋವಿನ ಮಾತ್ರೆ ತೆಗೆದುಕೊಂಡರೆ ತಡೆಯಬಹುದು. ಫಾರ್ಮಲಿನ್ ತುಂಬಿದ ಪುಟ್ಟ ಡಬ್ಬಿಯಲ್ಲಿ ತಿಳಿಗೆಂಪು ಎಳೆಗಳು ತೇಲುವುದನ್ನು ಕೇಳಿದವರಿಗೆಲ್ಲ ನಾನು ತೋರಿಸುತ್ತೇನೆ. ‘ಇಷ್ಟಕ್ಕೇ ಇಷ್ಟು ದಿನ ಹೆದರಿದ್ದೆನೇ’ ಎಂದು ಬಹಳ ಮಂದಿ ಕೇಳಿದ್ದಾರೆ. ಪರೀಕ್ಷೆಗೆ ಮುನ್ನ ಗರ್ಭ ನಿಂತಿಲ್ಲ ಎಂದು ಮೂತ್ರ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ನಿಮ್ಮಂಥ ಏರುಪೇರಿನ ಚಕ್ರದಲ್ಲೂ ಗರ್ಭ ನಿಲ್ಲುವುದುಂಟು.

ಈ ಪರೀಕ್ಷೆಗೂ ಮಿತಿಯಿದೆ. ಪದರದ ಒಂದು ಮೂಲೆಯಲ್ಲಷ್ಟೇ ಇರುವ ಪಾಲಿಪ್ ಅಥವಾ ಗಂಟು ಕೊಳವೆಗೆ ಸಿಗದೇ ಹೋಗಬಹುದು. ಬಯಾಪ್ಸಿ ಸಾಮಾನ್ಯವೆಂದು ಬಂದರೂ ಸ್ರಾವ ಮುಂದುವರಿದರೆ, ಇಲ್ಲವೇ ಸಿಕ್ಕ ಚೂರು ಸಾಲದು ಎಂದು ವರದಿ ಬಂದರೆ, ಸಣ್ಣ ದುರ್ಬೀನು ಹಾಕಿ ಕಣ್ಣಾರೆ ನೋಡಿ ಚೂರು ತೆಗೆಯುವ ಹಿಸ್ಟೆರೋಸ್ಕೋಪಿ ಮಾಡಿಸಬೇಕು. ಆ ಸೌಲಭ್ಯ ಎಲ್ಲ ಕಡೆ ಇಲ್ಲ. ಅರಿವಳಿಕೆ ಕೊಟ್ಟು ಒಳಪದರವನ್ನು ಕೆರೆದು ತೆಗೆಯುವ ಡಿ ಅಂಡ್ ಸಿ ಅದಕ್ಕೆ ಬದಲಿಯಾಗಿ ಇನ್ನೂ ನಡೆಯುತ್ತದೆ. ಆದರೆ ಡಿ ಅಂಡ್ ಸಿ ಮಾಡಿಸಿಕೊಂಡರೆ ಒಳಗಿನ ಕೊಳೆ ಹೋಗಿ ವಾಸಿಯಾಗುತ್ತದೆ ಎಂದುಕೊಳ್ಳಬೇಡಿ. ಅದು ಪರೀಕ್ಷೆ, ಚಿಕಿತ್ಸೆಯಲ್ಲ. ಮೊಟ್ಟೆ ಬಿಡುಗಡೆಯಾಗದ ತನಕ ಪದರ ಮತ್ತೆ ಬೆಳೆಯುತ್ತದೆ.

ವರದಿ ಹೇಗೆ ಬರಬಹುದು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಕ್ಯಾನ್ಸರಿನ ಸುಳಿವಿಲ್ಲ, ಈಸ್ಟ್ರೋಜನ್ ಪ್ರಭಾವ ಮಾತ್ರ ಇದೆ ಎಂದು ಬರುವುದು ಹೆಚ್ಚು ಸಾಧ್ಯ. ಎರಡನೆಯದು, ಹೈಪರ್‌ಪ್ಲೇಸಿಯಾ ಎಂದು ಬಂದು ಅದರಲ್ಲಿ ಏಟಿಪಿಯಾ ಇಲ್ಲ ಎಂದಿರುವುದು. ಎಂದರೆ ಪದರ ಅತಿಯಾಗಿ ಬೆಳೆದಿದೆ, ಜೀವಕೋಶಗಳ ರೂಪ ಕೆಟ್ಟಿಲ್ಲ. ಇದು ಇಪ್ಪತ್ತು ವರ್ಷದಲ್ಲಿ ಕ್ಯಾನ್ಸರಾಗಿ ಮಾರ್ಪಡುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ. ಮೂರನೆಯದು ಏಟಿಪಿಯಾ ಇರುವ ಹೈಪರ್‌ಪ್ಲೇಸಿಯಾ, ಅಂದರೆ ಜೀವಕೋಶಗಳ ರೂಪವೇ ಕೆಟ್ಟಿರುವುದು. ಇದು ಬೇರೆಯೇ ಮಾತು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬಯಾಪ್ಸಿಯಲ್ಲಿ ಇಷ್ಟೇ ಇದೆ ಎಂದು ಬಂದವರ ಗರ್ಭಕೋಶ ತೆಗೆದು ನೋಡಿದಾಗ ನೂರಕ್ಕೆ ಸುಮಾರು 43 ಮಂದಿಯಲ್ಲಿ ಆಗಲೇ ಕ್ಯಾನ್ಸರ್ ಇತ್ತು. ವರದಿಯಲ್ಲಿ ಈ ಒಂದು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಎಷ್ಟು ನಿಂತಿದೆ ನೋಡಿ. ಒಂದೇ ಮಾತಿನಲ್ಲಿ ಹೇಳಿದರೆ, ಇದನ್ನು ತಿಳಿಯದೆ ಕೊಟ್ಟ ಮಾತ್ರೆಯೂ ಅಂದಾಜು, ಮಾಡಿದ ಶಸ್ತ್ರಚಿಕಿತ್ಸೆಯೂ ಅಂದಾಜು.

ಮೊದಲ ಎರಡು ಬಗೆಯಲ್ಲಿ ಗರ್ಭಕೋಶ ತೆಗೆಯುವ ಅವಸರ ಖಂಡಿತ ಇಲ್ಲ. ದೇಹದಲ್ಲಿ ಇಲ್ಲವಾಗಿರುವ ಪ್ರೊಜೆಸ್ಟರಾನನ್ನು ಹೊರಗಿನಿಂದ ಕೊಡುವುದೇ ಚಿಕಿತ್ಸೆ. ನನ್ನ ಮೊದಲ ಆಯ್ಕೆ ಲೆವೊನಾರ್ಜೆಸ್ಟ್ರೆಲ್ ಇರುವ ಹಾರ್ಮೋನ್ ವಂಕಿ. ಜನ ಮಿರೆನಾ ಎಂಬ ಬ್ರ್ಯಾಂಡ್ ಹೆಸರಿನಿಂದಲೇ ಗುರುತಿಸುತ್ತಾರೆ. ಕಾಪರ್-ಟಿಯಂತೆ ಗರ್ಭಕೋಶದೊಳಗೆ ಕೂತು, ಆರಂಭದಲ್ಲಿ ದಿನಕ್ಕೆ 20 ಮೈಕ್ರೋಗ್ರಾಂನಷ್ಟು ಔಷಧಿಯನ್ನು ಒಳಪದರಕ್ಕೇ ಬಿಡುತ್ತದೆ. ಏಟಿಪಿಯಾ ಇಲ್ಲದ ಹೈಪರ್‌ಪ್ಲೇಸಿಯಾ ಇದರಿಂದ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಮರಳಿ ಸಹಜವಾಗುತ್ತದೆ, ಸ್ರಾವವೂ ಇಳಿಯುತ್ತದೆ, ಐದು ವರ್ಷ ರಕ್ಷಣೆ ಸಿಗುತ್ತದೆ. ತೊಂದರೆಗಳನ್ನೂ ಮೊದಲೇ ಹೇಳಿಬಿಡುತ್ತೇನೆ. ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಚೂರುಪಾರು ಕಲೆ ಕಾಣಿಸುತ್ತಲೇ ಇರುತ್ತದೆ. ಇದು ಗೊತ್ತಿಲ್ಲದೆ ಎರಡನೇ ತಿಂಗಳಿಗೇ ತೆಗೆಸಿಕೊಂಡು ಹೋದವರನ್ನು ನೋಡಿದ್ದೇನೆ. ಹೆಚ್ಚು ಸ್ರಾವದಲ್ಲಿ ವಂಕಿ ಜಾರಿ ಹೊರಬೀಳಬಹುದು. ಹಾಕುವಾಗ ಗರ್ಭಕೋಶಕ್ಕೆ ತೂತಾಗುವುದು ಸಾವಿರಕ್ಕೆ ಒಂದರಂತೆ ಅಪರೂಪ. ಬೆಲೆ ಒಮ್ಮೆಗೇ ಕೆಲವು ಸಾವಿರ ರೂಪಾಯಿ.

ವಂಕಿ ಬೇಡವೆನ್ನುವವರಿಗೆ ಮಾತ್ರೆ ಇದೆ. ಆದರೆ ಹೈಪರ್‌ಪ್ಲೇಸಿಯಾ ಎಂದು ಖಚಿತವಾದರೆ ನೀವು ಈವರೆಗೆ ತಿಂದಂತೆ 21 ದಿನ ತಿಂದು ಬಿಡುವ ಕ್ರಮ ಸಾಲದು. ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಥವಾ ನೊರೆಥಿಸ್ಟೆರಾನ್ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಬಿಡುವಿಲ್ಲದೆ, ಕನಿಷ್ಠ ಆರು ತಿಂಗಳು ತೆಗೆದುಕೊಳ್ಳಬೇಕು. ಹೊಟ್ಟೆ ಉಬ್ಬರ, ಬೇಸರ, ಹಸಿವು ಹೆಚ್ಚುವುದು ಇವು ಕಾಣಬಹುದು. ಕಾಲಿನ ರಕ್ತನಾಳದಲ್ಲಿ ಹಿಂದೆ ಎಂದಾದರೂ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಮೊದಲೇ ತಿಳಿಸಬೇಕು. ವಂಕಿಯಾಗಲಿ ಮಾತ್ರೆಯಾಗಲಿ, ಆರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡಿ, ಎರಡು ಸಲ ಸತತವಾಗಿ ಸಹಜ ಬರುವವರೆಗೆ ಬಿಡಬಾರದು. ಬಿಎಂಐ 35 ಮೀರಿದವರಿಗೆ ಆಮೇಲೂ ವರ್ಷಕ್ಕೊಮ್ಮೆ ಬೇಕಾಗಬಹುದು. ಸ್ರಾವ ನಿಂತಿತೆಂದು ತಪಾಸಣೆಗೆ ಬರುವುದನ್ನು ಬಿಡುವುದೇ ಈ ಚಿಕಿತ್ಸೆಯ ದೊಡ್ಡ ಅಪಾಯ. ಒಳಪದರವನ್ನು ಶಾಖದಿಂದ ಸುಡುವ ಚಿಕಿತ್ಸೆಯನ್ನು ಯಾರಾದರೂ ಸೂಚಿಸಿದರೆ, ಹೈಪರ್‌ಪ್ಲೇಸಿಯಾ ಇದ್ದಾಗ ಅದು ಬೇಡ. ಗಾಯ ಕಟ್ಟಿದ ಗರ್ಭಕೋಶದಿಂದ ಮುಂದೆ ಚೂರು ತೆಗೆದು ನೋಡುವುದೇ ಕಷ್ಟವಾಗುತ್ತದೆ.

ಏಟಿಪಿಯಾ ಇದೆ ಎಂದು ಬಂದರೆ ನನ್ನ ಸಲಹೆ ಬದಲಾಗುತ್ತದೆ. ಇನ್ನು ಮಕ್ಕಳು ಬೇಡವೆಂಬುದು ನಿಮ್ಮ ನಿರ್ಧಾರವಾಗಿದ್ದರೆ, ಆಗ ಗರ್ಭಕೋಶ ತೆಗೆಸುವುದೇ ಸರಿಯಾದ ಚಿಕಿತ್ಸೆ. ಮಕ್ಕಳು ಬೇಕೆನ್ನುವ ಕಿರಿಯರಿಗೆ ವಂಕಿ ಹಾಕಿ, ಮೂರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತ ಸಮಯ ಗಳಿಸುವ ದಾರಿಯೂ ಇದೆ. ಅದನ್ನು ಕ್ಯಾನ್ಸರ್ ತಜ್ಞರ ಜೊತೆಗೂಡಿಯೇ ಮಾಡಬೇಕು. ಅಂಥ ವರದಿ ಬಂದಾಗ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸುವುದು ಒಳ್ಳೆಯದು, ಏಕೆಂದರೆ ಏಟಿಪಿಯಾ ಗುರುತಿಸುವಲ್ಲಿ ನುರಿತವರ ನಡುವೆಯೂ ಅಭಿಪ್ರಾಯಭೇದ ಬರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಆ ವ್ಯವಸ್ಥೆ ಇದೆ. ಒಂದು ವೇಳೆ ಕ್ಯಾನ್ಸರ್ ಎಂದೇ ಬಂದರೂ, ಗರ್ಭಕೋಶದೊಳಗೇ ಸೀಮಿತವಾಗಿರುವ ಹಂತದಲ್ಲಿ ಐದು ವರ್ಷ ದಾಟಿ ಬದುಕುವವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು.

ನಿಮ್ಮ ಎರಡನೆಯ ವೈದ್ಯರು ಶಸ್ತ್ರಚಿಕಿತ್ಸೆ ಹೇಳಿದ್ದು ದುರುದ್ದೇಶದಿಂದ ಎಂದು ನಾನು ಹೇಳುವುದಿಲ್ಲ. ಆದರೆ ಮಕ್ಕಳಾಯಿತಲ್ಲ, ಇನ್ನೇಕೆ ಎಂಬ ಕಾರಣಕ್ಕೆ ಗರ್ಭಕೋಶ ತೆಗೆಯುವುದು ನಮ್ಮಲ್ಲಿ ಎಷ್ಟು ಸಲೀಸಾಗಿದೆಯೆಂದರೆ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ನಿಮ್ಮ ತೂಕದಲ್ಲಿ ಅರಿವಳಿಕೆ, ಗಾಯ ಕೀವಾಗುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಇವುಗಳ ಅಪಾಯ ಹೆಚ್ಚು, 8.2 ಹಿಮೋಗ್ಲೋಬಿನ್‌ನಲ್ಲಿ ಇನ್ನೂ ಹೆಚ್ಚು. ಮುಂದೆ ಶಸ್ತ್ರಚಿಕಿತ್ಸೆ ಬೇಕೇ ಆದರೆ ಲ್ಯಾಪರೋಸ್ಕೋಪಿ ನಿಮಗೆ ಹೊಟ್ಟೆ ಕೊಯ್ಯುವುದಕ್ಕಿಂತ ಸುರಕ್ಷಿತ. ‘ಹೇಗೂ ತೆಗೆಯುತ್ತೇವೆ, ಅಂಡಾಶಯವನ್ನೂ ತೆಗೆದುಬಿಡೋಣ’ ಎಂದರೆ ಕಾರಣ ಕೇಳಿ. ಕ್ಯಾನ್ಸರಿನ ಕಾರಣವಿಲ್ಲದೆ 41ಕ್ಕೇ ಅವನ್ನು ತೆಗೆದರೆ ಮೂಳೆಗೂ ಹೃದಯಕ್ಕೂ ಹೊಡೆತ.

ಬಯಾಪ್ಸಿಯ ದಿನವೇ ರಕ್ತದ ಕೆಲವು ಪರೀಕ್ಷೆಗಳಾಗಲಿ: ಥೈರಾಯ್ಡ್, ಪ್ರೊಲ್ಯಾಕ್ಟಿನ್, ಮೂರು ತಿಂಗಳ ಸಕ್ಕರೆಯ ಸರಾಸರಿ, ಕಬ್ಬಿಣಾಂಶ. ಕಬ್ಬಿಣದ ಮಾತ್ರೆಯನ್ನು ಇಂದೇ ಶುರು ಮಾಡಬಹುದು. ಕಾಫಿ, ಟೀ ಕುಡಿದ ಒಂದೆರಡು ಗಂಟೆಯೊಳಗೆ ತೆಗೆದುಕೊಂಡರೆ ಮೈಗೆ ಹಿಡಿಯುವುದಿಲ್ಲ. ಹೊಟ್ಟೆಗೆ ಆಗದಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಇಂಜೆಕ್ಷನ್ ಒಂದೆರಡು ಸಲಕ್ಕೇ ಸಾಕಾಗುತ್ತದೆ.

ತೂಕದ ವಿಷಯಕ್ಕೆ ಬರುತ್ತೇನೆ. ಕಡಿಮೆ ತಿನ್ನಿ ಎಂದು ನಿಮಗೆ ಈವರೆಗೆ ಎಷ್ಟು ಮಂದಿ ಹೇಳಿದ್ದಾರೋ, ನಾನು ಇನ್ನೊಬ್ಬನಾಗುವುದಿಲ್ಲ. ಪಿಸಿಓಎಸ್ ಇರುವವರಲ್ಲಿ ಇನ್ಸುಲಿನ್ ಹೆಚ್ಚಿರುವುದರಿಂದ ತೂಕ ಇಳಿಸುವುದು ಬೇರೆಯವರಿಗಿಂತ ನಿಜವಾಗಿಯೂ ಕಷ್ಟ, ಅದು ನಿಮ್ಮ ಸೋಮಾರಿತನವಲ್ಲ. 84ರಿಂದ 60ಕ್ಕೆ ಇಳಿಯಬೇಕೆಂದೂ ನಾನು ಹೇಳುತ್ತಿಲ್ಲ. ಈಗಿನ ತೂಕದ ಶೇ 5ರಷ್ಟು, ಅಂದರೆ ನಾಲ್ಕು ಕೆ.ಜಿ.ಯ ಸುಮಾರು ಇಳಿದರೂ ಅನೇಕರಲ್ಲಿ ಮೊಟ್ಟೆ ಬಿಡುಗಡೆ ಮರಳುತ್ತದೆ, ಎಂಟು ಕೆ.ಜಿ. ಇಳಿದರೆ ಇನ್ನೂ ಮೇಲು. ರಾತ್ರಿಯ ಅನ್ನದ ಪ್ರಮಾಣ ಅರ್ಧ ಮಾಡಿ ಕಾಳು, ಸೊಪ್ಪಿನ ಸಾರು ಹೆಚ್ಚಿಸುವುದು, ದಿನಕ್ಕೆ ನಾಲ್ಕೈದು ಸಲದ ಸಕ್ಕರೆ ಕಾಫಿಯನ್ನು ಎರಡಕ್ಕೆ ಇಳಿಸುವುದು, ಶಾಲೆ ಬಿಟ್ಟ ಮೇಲೆ ನಲವತ್ತು ನಿಮಿಷ ನಡೆಯುವುದು ಇಷ್ಟರಿಂದ ಶುರು ಮಾಡಿ, ಆದರೆ ನಡಿಗೆ ಮಾತ್ರ ಹಿಮೋಗ್ಲೋಬಿನ್ 10 ದಾಟಿದ ಮೇಲೆ. ಈಗ ನಡೆದರೆ ರಕ್ತಹೀನತೆಯಿಂದ ನಿಮಗೆ ಏದುಸಿರು ಬರಬಹುದು. ತೂಕ ಇಳಿಯುವವರೆಗೆ ಬಯಾಪ್ಸಿ ಮುಂದೂಡಬೇಡಿ. ಇದು ಬೇರೆ ಕೆಲಸ, ಅದು ಬೇರೆ ಕೆಲಸ. ಮೆಟ್‌ಫಾರ್ಮಿನ್ ಮಾತ್ರೆ ಸಕ್ಕರೆಗೆ, ಇನ್ಸುಲಿನ್‌ಗೆ ಒಳ್ಳೆಯದೇ; ಒಳಪದರದ ಚಿಕಿತ್ಸೆಗೆ ಅದೊಂದನ್ನೇ ನಂಬುವಷ್ಟು ಆಧಾರವಿಲ್ಲ.

ಮಗಳ ಬಗ್ಗೆ ಈಗಲೇ ಗಾಬರಿ ಬೇಡ. ಮೈನೆರೆದ ಮೊದಲ ಎರಡು ಮೂರು ವರ್ಷ ಚಕ್ರ ಏರುಪೇರಾಗುವುದು ಆ ವಯಸ್ಸಿನ ಸಹಜ ಗುಣ. ಅವಳ ಮುಟ್ಟಿನ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಕಲಿಸಿ. ಮೂರು ತಿಂಗಳು ದಾಟಿಯೂ ಮುಟ್ಟಾಗದಿದ್ದರೆ, ಅಥವಾ ಮುಖದ ಮೇಲೆ ಗಡುಸು ಕೂದಲು, ಕತ್ತಿನ ಹಿಂದೆ ಕಪ್ಪು ಪಟ್ಟಿ ಕಂಡರೆ ಕರೆದುಕೊಂಡು ಬನ್ನಿ. ಪಿಸಿಓಎಸ್ ಇರುವ ಹುಡುಗಿಯರಿಗೆ ಕನಿಷ್ಠ ಮೂರು ತಿಂಗಳಿಗೊಮ್ಮೆಯಾದರೂ ಮುಟ್ಟಾಗುವಂತೆ ಔಷಧಿ ಕೊಟ್ಟರೆ ನಿಮ್ಮಲ್ಲಿ ವರ್ಷಗಟ್ಟಲೆ ಕೂಡಿದ ಈಸ್ಟ್ರೋಜನ್ ಲೆಕ್ಕ ಅವಳಲ್ಲಿ ಕೂಡದಂತೆ ತಡೆಯಬಹುದು. ನಿಮಗೆ ಇಪ್ಪತ್ತರಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ಎಂದು ಪತ್ರ ಓದುವಾಗ ನನಗೆ ನಿಜವಾಗಿಯೂ ಅನಿಸಿತು.

ಇನ್ನು ಎರಡು ವಾರದೊಳಗೆ ಬಯಾಪ್ಸಿ ಆಗಲಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ. ಹಳೆಯ ಸ್ಕ್ಯಾನಿಂಗ್ ಮತ್ತು ಮಾತ್ರೆಯ ಚೀಟಿಗಳನ್ನೆಲ್ಲ ಒಯ್ಯಿರಿ. ಅಷ್ಟರೊಳಗೆ ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ವರದಿ ಬಂದಾಗ ‘ಎಲ್ಲ ಸರಿಯಿದೆ’ ಎಂಬ ಬಾಯಿಮಾತಿಗೆ ಎದ್ದು ಬರಬೇಡಿ, ಹೈಪರ್‌ಪ್ಲೇಸಿಯಾ ಇದೆಯೇ, ಇದ್ದರೆ ಏಟಿಪಿಯಾ ಇದೆಯೇ ಎಂದು ಕೇಳಿ, ವರದಿಯ ಒಂದು ಪ್ರತಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.